ಹಿಂದಿನ ಸೀಟು

ಉಡುಪಿ ಬಿಡುವಾಗ ನಲವತ್ತಿತ್ತು,
ಕಾಪು ಬರುವಷ್ಟರಲ್ಲಿ ಹದಿನಾಲ್ಕು.
ಯಾರಿಗೂ ಫೋನು ಮಾಡಿಲ್ಲ ಮಾರಾಯ್ರೆ,
ಜೇಬಲ್ಲೇ ಇತ್ತು, ಕಾದ ಕಾವಲಿಯ ಹಾಗೆ
ತೊಡೆ ಸುಡುತ್ತ.

ಸೆಟ್ಟಿಂಗ್ಸಿಗೆ ಹೋಗಿ ನೋಡಿದರೆ
ಒಳಗೆ ಸೀಟೇ ಖಾಲಿ ಇಲ್ಲ.
ಚಿನ್ನದ ರೇಟು ಹೇಳುವವ, ಹವಾಮಾನದವ,
ಅಕ್ಕನ ಮಗ ರಜೆಯಲ್ಲಿ ಹತ್ತಿಸಿ ಹೋದ ಕಾರ್ ರೇಸು,
ಒಮ್ಮೆ ದೀಪಾವಳಿಗೆ ಪ್ಯಾಂಟು ತರಿಸಿದ ಅಂಗಡಿ,
ಎಲ್ಲ ಹಿಂದಿನ ಸೀಟಲ್ಲಿ ಕಾಲು ಚಾಚಿ.
ಟಿಕೇಟಿಲ್ಲ, ಪಾಸಿಲ್ಲ,
ಡೀಸೆಲು ಮಾತ್ರ ನನ್ನದು.

ಹದಿನೇಳು ವರ್ಷದ ಕಂಡಕ್ಟರು ನಾನು.
ಉಚ್ಚಿಲದಲ್ಲಿ ಇಬ್ಬರನ್ನು ಇಳಿಸಿದೆ,
ಪಡುಬಿದ್ರಿಯಲ್ಲಿ ಕಾರ್ ರೇಸನ್ನು,
ಹೆಜಮಾಡಿ ಟೋಲಿನ ಸಾಲಲ್ಲಿ ಪ್ಯಾಂಟಿನವನನ್ನು.
‘ಬಲವಂತವಾಗಿ ನಿಲ್ಲಿಸಿದರೆ ತೊಂದರೆಯಾದೀತು’
ಎಂದು ಹೆದರಿಸಿತು ಫೋನು.
ಇಳಿಸುವಾಗ ಎಲ್ಲರೂ ಹೀಗೇ ಹೇಳುವುದು.

ಬ್ಯಾಂಕಿನದನ್ನು ಮುಟ್ಟಲಿಲ್ಲ.
ಹತ್ತು ರೂಪಾಯಿ ಬಿದ್ದರೂ ಅದು ಟಿಣ್ ಅನ್ನಬೇಕು,
ಇಲ್ಲದಿದ್ದರೆ ರಾತ್ರಿ ಧನಿಗಳ ಲೆಕ್ಕಕ್ಕೆ
ನನ್ನ ಕೈಯಿಂದ.

ಕೂಳೂರು ಸಂಕದ ಮೇಲೆ ಆರು.
ಸ್ಟೇಟ್‌ಬ್ಯಾಂಕಲ್ಲಿ ಐದು.
ಗೆದ್ದೆ ಅಂದುಕೊಂಡು ಲೈಟು ಆರಿಸಲು ಹಿಂದೆ ಹೋದರೆ
ಕೊನೆಯ ಸೀಟಲ್ಲಿ, ಬುತ್ತಿಯ ಚೀಲ ತಬ್ಬಿಕೊಂಡು,
ಐಸ್ ಫ್ಯಾಕ್ಟರಿಯ ಡೊಂಬಯ್ಯ ಮೂಲ್ಯರು.
ಮುಲ್ಕಿಯಲ್ಲಿ ಎಬ್ಬಿಸು ಅಂದಿದ್ದರು.
ಟಿಕೇಟು ಬೆರಳ ಸಂದಿಯಲ್ಲೇ ಇತ್ತು.

ಎಂಜಿನ್ನು ಆರಿದ್ದಕ್ಕೆ ಕಣ್ಣು ಬಿಟ್ಟು
“ಮುಲ್ಕಿ ಬಂತಾ?” ಎಂದರು.
“ಬೆಳಿಗ್ಗೆ ಬರ್ತದೆ, ಐದೂ ಹತ್ತರ ಟ್ರಿಪ್ಪಿಗೆ” ಎಂದೆ.
ಐದು ಪರ್ಸೆಂಟಿನ ಫೋನು ಕೈಗೆ ಕೊಟ್ಟೆ,
ಮನೆಗೊಂದು ಮಾತು ಹೇಳಿ ಮಲಗಿ ಅಂತ.