ಮೂರನೆಯ ಸಾಲು

ಹೆಸರುಗಳನ್ನು ನಾನು ಪೆನ್ಸಿಲ್ಲಿನಲ್ಲೇ ಬರೆಯುವುದು.
ಆಲೂರಿಗೆ ಬಂದ ಮೊದಲ ವರ್ಷ ಶಾಯಿಯಲ್ಲಿ ಬರೆದಿದ್ದೆ,
ಆಗ ಆಸ್ಪತ್ರೆಗೆ ಹೆಂಚಿತ್ತು, ನನಗೆ ಧೈರ್ಯವಿತ್ತು.
ಈಗ ತಿಂಗಳ ಕೊನೆಯ ಶನಿವಾರ
ಗೆರೆ ಎಳೆದ ಹಾಳೆ, ಸವೆದ ರಬ್ಬರು,
ಬೆಳಿಗ್ಗೆ ಮಧ್ಯಾಹ್ನ ರಾತ್ರಿ ಎಂದು ಮೂರು ಮನೆ ಕಟ್ಟಿ
ಎಂಟು ಹೆಸರಲ್ಲಿ ಹದಿನಾಲ್ಕು ಜನರನ್ನು ಕೂರಿಸುವ
ಲೆಕ್ಕಕ್ಕೆ ಕೂರುತ್ತೇನೆ.

ಮೂರನೆಯ ಸಾಲು ಅಳಿಸಿ ಅಳಿಸಿ
ಕಾಗದ ದೋಸೆಯ ಅಂಚಿನಂತಾಗಿದೆ.
ಅಲ್ಲಿ ಮೊದಲು ಇದ್ದವಳು ಜಸಿಂತಾ.
ಕೂಸಿನ ಕೈಯಲ್ಲಿ ನರ ಹುಡುಕುವಾಗ
ಉಸಿರು ಬಿಗಿಹಿಡಿದು ತುಟಿ ಕಚ್ಚುತ್ತಿದ್ದಳು,
ಒಂದೇ ಸೂಜಿಗೆ ಸಿಗುತ್ತಿತ್ತು.
ಮಕ್ಕಳ ವಾರ್ಡು ನಿದ್ದೆಹೋದ ಮೇಲೆ
ಡ್ರಿಪ್ಪಿನ ಹನಿಗೊಂದರಂತೆ ಜರ್ಮನ್ ಅಂಕಿ ಕಲಿತಳು:
ಐನ್ಸ್, ತ್ಸ್ವೈ, ದ್ರೈ.
ಆರು ತಿಂಗಳು ನಮ್ಮೂರ ಗ್ಲೂಕೋಸು
ಪರಭಾಷೆಯಲ್ಲಿ ಇಳಿಯಿತು.
ಹೋದಳು. ಬೈಯಲಾರೆ.
ಅವಳ ನಾಲ್ಕು ತಿಂಗಳ ಸಂಬಳ
ಇನ್ನೂ ಏಜೆನ್ಸಿಯವನ ಹತ್ತಿರವೇ ಇದೆ.

ಆಮೇಲೆ ಇಂಡಿ ಕಡೆಯ ಸಂಗಪ್ಪ.
ಊರಿಂದ ಬಂದರೆ ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಹಿಂಡಿ,
ಬಾಣಂತಿಯರ ಅಮ್ಮಂದಿರಿಗೂ ಪಾಲು.
'ಯಾಕಬೇ ಯವ್ವಾ, ಏನಾಗೇತಿ?' ಎಂದರೆ
ನಮ್ಮ ಕಡೆಯ ಅಜ್ಜಿಯರು ನೋವು ಮರೆತು
ಸೆರಗು ಬಾಯಿಗಿಟ್ಟು ನಗುತ್ತಿದ್ದರು.
ಕೌನ್ಸೆಲಿಂಗಿನಲ್ಲಿ ಊರ ಹತ್ತಿರ ಜಾಗ ಸಿಕ್ಕ ದಿನ
ಪೇಡೆ ಕೊಟ್ಟ. ತಿಂದೆ. ಸಿಹಿಯೇ ಇತ್ತು.
ಅವನ ಜಾಗಕ್ಕೆ ಬರಬೇಕಾದವರು
ಆದೇಶದಲ್ಲಿ ಬಂದರು,
ಆಲೂರಿಗೆ ಬರಲಿಲ್ಲ.

ಮುಬೀನಾ, ಹನ್ನೊಂದು ದಿನ.
ಡಾಕ್ಟರಿಲ್ಲದ ಸಿಟ್ಟನ್ನು ಮೂವರು ಗಂಡಸರು
ಇದ್ದವಳ ಮೇಲೆ ಕಾರಿದರು, ಒಬ್ಬ ಟ್ರೇ ಎಸೆದ.
ಮರುದಿನ ಅವಳಪ್ಪ ಬಂದು
ಸಮವಸ್ತ್ರ ಇಸ್ತ್ರಿ ಮಾಡಿಸಿ ವಾಪಸು ಕೊಟ್ಟರು.
ಆ ಇಸ್ತ್ರಿಯ ಗೆರೆ ನೋಡುತ್ತಾ ನಿಂತೆ. ಅಷ್ಟೆ.

ಕಳೆದ ಮಂಗಳವಾರ ಸಂಜೆ ಮೊಬೈಲಿಗೆ ಸಂದೇಶ:
ಒಂಟಿ ಸಲಗ, ಮಗ್ಗೆ ರಸ್ತೆ, ಸಂಚಾರ ಬೇಡ.
ದ್ರಾಕ್ಷಾಯಣಿಯ ಸ್ಕೂಟರು ಆನೆಯ ಆ ಬದಿಗೆ,
ಪಾಳಿ ಈ ಬದಿಗೆ.
ನಾನೇ ನಿಂತೆ, ಮೂವತ್ತೊಂದು ಹಾಸಿಗೆಗೆ.
ಆ ತುದಿಗೆ ಚೊಚ್ಚಲ ಹೆರಿಗೆ,
ಈ ತುದಿಗೆ ಶುಂಠಿ ಹೊಲದಲ್ಲಿ ಹಾವು ಕಚ್ಚಿದ ಹುಡುಗ,
ನಡುವೆ ಎಪ್ಪತ್ತೆರಡು ಹೆಜ್ಜೆ. ಇಪ್ಪತ್ತು ವರ್ಷ ನಡೆದಿದ್ದರೂ
ಎಣಿಸಿದ್ದು ಅಂದೇ.
ಹನ್ನೆರಡನೇ ಹಾಸಿಗೆಯ ತಾತ ನೀರು ಕೇಳಿದ.
'ಬಂದೆ' ಅಂದೆ.
ಹೋದಾಗ ಬೆಳಗಾಗಿತ್ತು, ಪಕ್ಕದವನು ಯಾವಾಗಲೋ ಕುಡಿಸಿದ್ದ.
'ನಿಮ್ಗ್ಯಾಕವ್ವ ತೊಂದ್ರೆ' ಎಂದ ತಾತ.
ಆ ಮರ್ಯಾದೆ ನನ್ನ ಗಂಟಲಲ್ಲಿ ಇನ್ನೂ ಇಳಿದಿಲ್ಲ.

ನಿನ್ನೆ ಹಾಸನದಲ್ಲಿ ನೇರ ಸಂದರ್ಶನ.
ನಾಲ್ಕು ಹುದ್ದೆ, ಹದಿನೈದು ಕುರ್ಚಿ, ಫ್ಲಾಸ್ಕಿನ ತುಂಬ ಕಾಫಿ.
ಬಂದದ್ದು ಒಬ್ಬಳು,
ಪಾಳ್ಯದ ಕಡೆಯ ಚೆಲುವಾಂಬಿಕೆ.
ಸಾಹೇಬರು ರಕ್ತದೊತ್ತಡ ಕೇಳಿದರು, ಲಸಿಕೆ ಕೇಳಿದರು,
ಕೊನೆಗೆ, ನೀನೇನಾದರೂ ಕೇಳಬೇಕೇನಮ್ಮ ಎಂದರು.
ಅವಳು ಅವರನ್ನು ಬಿಟ್ಟು ನನ್ನ ಕಡೆ ತಿರುಗಿದಳು:
'ರಾತ್ರಿ ಎಷ್ಟು ಜನ ಇರ್ತೀರಿ, ಮೇಡಂ?'
'ಇಬ್ಬರು.'
ಎರಡನೆಯವಳು ನೀನೇ ಎಂದು ಹೇಳಲಿಲ್ಲ.
ಮೊದಲನೆಯವಳಿಗೆ ಐವತ್ತೆಂಟು, ಮಂಡಿ ಊದಿದೆ
ಎಂಬುದನ್ನೂ.

ಸೋಮವಾರ ಬರುತ್ತಾಳಂತೆ.
ಮೂರನೆಯ ಸಾಲಿಗೆ ಪೆನ್ಸಿಲ್ಲು ಊರಿದರೆ ಹಾಳೆ ಹರಿದೀತು,
ಹೆಸರು ಬೇರೆ ಉದ್ದ.
ಹಳೆಯದನ್ನು ಬಿಸಾಡಲಾಗದೆ ಮಾತ್ರೆ ಕಪಾಟಿಗೆ ಹಾಸಿ
ಹೊಸದಕ್ಕೆ ಗೆರೆ ಎಳೆಯುತ್ತಿದ್ದೇನೆ,
ಎರಡನೆಯ ಗೆರೆ ಸೊಟ್ಟಗಾಗಿದೆ.

ಹೊರಗೆ ಯಾರೋ 'ಸಿಸ್ಟರ್' ಎಂದರು.
ಯಾರನ್ನು ಕೂಗಿದರೋ.
ಎದ್ದೆ.