ನೆಟ್ಟ ಕಾಲು

ಇಪ್ಪತ್ತಾರು ವರ್ಷ ಮಂಗಳೂರು ಬಸ್ಸಿನಲ್ಲಿ
ಕಂಬಿ ಹಿಡಿಯದೆ ನಿಂತವನು ನಾನು.
ಒಂದು ಕೈಗೆ ಟಿಕೇಟು, ಇನ್ನೊಂದಕ್ಕೆ ಚಿಲ್ಲರೆ,
ಮೂರನೆಯ ಕೈಯನ್ನು ಇಲಾಖೆ ಕೊಡಲಿಲ್ಲ.
ಉಳಿದದ್ದನ್ನೆಲ್ಲ ಕಾಲೇ ನೋಡಿಕೊಳ್ಳಬೇಕಿತ್ತು:
ಡ್ರೈವರ್ ಐತಪ್ಪಣ್ಣ ಬ್ರೇಕಿಗೆ ಪಾದ ಇಡುವ ಮೊದಲೇ
ನನ್ನ ಹಿಮ್ಮಡಿಗೆ ಸುದ್ದಿ ಮುಟ್ಟಿರುತ್ತಿತ್ತು.

ಈಗ ಕುಂಬಳೆಯಲ್ಲಿ, ರೈಲುಹಳಿಯ ಆಚೆ,
ಶಾಲೆಯ ಹಿಂದಿನ ಮುರಕಲ್ಲ ಅಂಗಳ.
ಬೆಳಿಗ್ಗೆ ಆರೂಕಾಲಕ್ಕೆ ಹನ್ನೊಂದು ಹುಡುಗಿಯರು,
ನಾಲ್ಕು ಚೆಂಡು, ಅದರಲ್ಲೊಂದಕ್ಕೆ
ಗಾಳಿ ನಿಲ್ಲುವುದಿಲ್ಲ.
ಕಬ್ಬಿಣದ ಬಳೆಗೆ ಬಲೆಯಿಲ್ಲ.
ವಾರಿಜಳ ಅಪ್ಪ ಹಳೆ ಮೀನುಬಲೆ ಕತ್ತರಿಸಿ ಕಟ್ಟಿದ್ದರು,
ಆಟಿಯ ಮಳೆ ಅದನ್ನೂ ತಿಂದಿತು.

ಒಂದು ಸೀಟಿ: ನಿಲ್ಲು. ಎರಡು ಸೀಟಿ: ಹೋಗು.
ಬಿಡಲಾಗದ ಅಭ್ಯಾಸ.
"ಬಾಗಿಲು ಹಾಕಿತಾ ಮಾಷೇ?" ಎಂದು ನಗುತ್ತಾರೆ.

ಚೆಂಡು ಕೇಳಲು ಒಬ್ಬೊಬ್ಬಳಿಗೆ ಒಂದೊಂದು ಬಾಯಿ:
ಕೊಡು, ಕೊರ್ಲ, ದೀ, ತಾ.
ತಾ ಎಂದರೆ ಕೊಡುವುದೋ ತರುವುದೋ
ಎಂದು ಒಂದು ವಾರ ಜಗಳ.
ಚೆಂಡಿಗೆ ಎರಡೂ ಒಂದೇ ಎಂದೆ.
ಆಮೇಲೆ ಎಲ್ಲರೂ ತಾ.

ರಂಸೀನಾ ಎಂಟನೇ ಕ್ಲಾಸು, ಕುಳ್ಳಿ.
ಚೆಂಡು ಸಿಕ್ಕಿತೋ, ಎರಡೂ ಕಾಲು ಎತ್ತುತ್ತಾಳೆ
ಮೇ ತಿಂಗಳ ಹೊಯ್ಗೆಯಲ್ಲಿ ನಿಂತವಳ ಹಾಗೆ.
ಎಡಪಾದದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದೆ:
ಇದು ನಿನ್ನ ಸೀಟು.
ಎದ್ದೆಯೋ, ಬೇರೆಯವರು ಕೂತುಬಿಡುತ್ತಾರೆ.
ಇನ್ನೊಂದು ಕಾಲು ಬೇಕಾದರೆ ಊರೆಲ್ಲ ಸುತ್ತಲಿ.

ಸುಣ್ಣ ಮಳೆಗೆ ನಿಲ್ಲಲಿಲ್ಲ.
ಹಂಚಿನ ಚೂರಿನಲ್ಲಿ ಗೀರಿದೆ, ಅದೂ ಅಳಿಸಿತು.
ಅವಳ ಉಮ್ಮ ಬಂದು ಗೇಟಿನ ಹೊರಗೇ ನಿಂತು ಕೇಳಿದರು:
"ಅಡುಗೆಮನೆಯಲ್ಲೂ ಒಂದೇ ಕಾಲಲ್ಲಿ ತಿರುಗುತ್ತಾಳೆ,
ಏನು ಕಲಿಸಿದ್ದೀರಿ ನೀವು?"

ಒಮ್ಮೆ ಗದರಿದೆ,
ಸ್ಟಾಪು ದಾಟಿದ ಮೇಲೆ ಎಚ್ಚರಾದವನನ್ನು ಗದರುವ ಹಾಗೆ,
ಎಲ್ಲರ ಎದುರು.
ಒಂಬತ್ತು ದಿನ ಬರಲಿಲ್ಲ.
ಹತ್ತನೆಯ ದಿನ ಬಂದಾಗ, ತಪ್ಪಾಯಿತು ಅನ್ನಲು
ಗೊತ್ತಿದ್ದ ನಾಲ್ಕು ಭಾಷೆಯಲ್ಲೂ ನನಗೆ ಬಾಯಿ ಬರಲಿಲ್ಲ.
ಗಾಳಿ ಸರಿಯಿದ್ದ ಚೆಂಡನ್ನು ಆರಿಸಿ
ಅವಳ ಕಡೆ ಉರುಳಿಸಿದೆ.

ಹೊಸದುರ್ಗದ ಪಂದ್ಯ. ಮೂರು ಅಂಕ ಹಿಂದೆ,
ಉಳಿದದ್ದು ಒಂದು ನಿಮಿಷ ಚಿಲ್ಲರೆ.
ಮೂಲೆಯಲ್ಲಿ ಅವಳ ಕೈಗೆ ಚೆಂಡು,
ಎದುರಿಗೆ ಗೋಡೆಯಂಥ ಇಬ್ಬರು.
ರೆಫರಿಯ ಕೈ ಎಣಿಸುತ್ತಿದೆ: ಒಂದು. ಎರಡು.
ಎಡಗಾಲು ನೆಟ್ಟಳು. ತಿರುಗಿದಳು,
ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ,
ಬೀಗಕ್ಕೆ ಯಾವ ಕೀಲಿಯೆಂದು ನೋಡುವವಳ ಹಾಗೆ.
"ವಾರಿಜ! ವಾರಿಜಳಿಗೆ ಕೊಡು!" ಕಿರುಚಿದವನು ನಾನು.
ನನ್ನ ಕಡೆ ನೋಡಲೂ ಇಲ್ಲ ಅವಳು.
ಆ ಇಬ್ಬರ ಮೊಣಕಾಲ ನಡುವೆ
ನೆಲಕ್ಕೊಮ್ಮೆ ತಾಗಿಸಿ ಕಳಿಸಿದಳು ಅಂಜಿತಳಿಗೆ.
ಅಂಜಿತ ಅಲ್ಲಿದ್ದಾಳೆಂದು
ನನಗೇ ಗೊತ್ತಿರಲಿಲ್ಲ.

ಚೆಂಡು ಬಳೆಯ ಅಂಚಿನಲ್ಲಿ ಎರಡು ಸುತ್ತು ಬಂದು
ಹೊರಗೆ ಬಿತ್ತು.
ಐದು ಅಂಕದಿಂದ ಸೋತೆವು.

ಹಿಂತಿರುಗುವ ಬಸ್ಸು ತುಂಬಿತ್ತು.
ಎಳೆಯ ಕಂಡಕ್ಟರ್ ನನ್ನ ಗುರುತು ಹಿಡಿದು,
"ಸೀಟಿಲ್ಲ ಮಾಷೇ" ಎಂದ, ತಪ್ಪು ತನ್ನದೇ ಎಂಬಂತೆ.
ಚಂದ್ರಗಿರಿ ಸೇತುವೆಗೆ ತಿರುಗುವಲ್ಲಿ
ಗಕ್ಕನೆ ಬ್ರೇಕು.
ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದರು.
ರಂಸೀನಾ, ಒಂದು ಕೈಯಲ್ಲಿ ಬಾಳೆಹಣ್ಣಿನ ಪೋಡಿ,
ಇನ್ನೊಂದರಲ್ಲಿ ಅಳುತ್ತಿದ್ದ ಅಂಜಿತಳ ತೋಳು,
ಸೊಂಟದಿಂದ ಮೇಲೆ ಮಾತ್ರ ಒಮ್ಮೆ ತೂಗಿ
ಅಗಿಯುತ್ತಲೇ ನಿಂತಿದ್ದಳು.

ನಾನು ಕಂಬಿ ಹಿಡಿದೆ.

ಕುಂಬಳೆ ಬರುವಾಗ ಹಗ್ಗ ಎಳೆದವಳೂ ಅವಳೇ.
ಒಂದು ಗಂಟೆ.
ಇಳಿಸಿ ಎಣಿಸಿದೆ: ಹುಡುಗಿಯರು ಹನ್ನೊಂದು, ಸರಿ.
ಚೆಂಡು ಮೂರೇ.
ಆ ಗಾಳಿ ನಿಲ್ಲದ್ದು, ಹಿಂದಿನ ಸೀಟಿನಡಿ ಕೂತು,
ಟಿಕೇಟಿಲ್ಲದೆ
ಮಂಗಳೂರಿಗೆ ಹೋಗಿತ್ತು.