ಎರಡು ಕಂದಕಗಳ ನಡುವಿನ ಬಂಡೆ

ಮಧ್ಯಾಹ್ನ ಕರೆಂಟು ಹೋಗುತ್ತದೆ,
ಸಮ್ರೀನಳ ಫೋನು ಮಾತ್ರ ಹೋಗುವುದಿಲ್ಲ.
ಹೂದಾನಿಯ ಕೊರಳಿಗೆ ಬೆಳ್ಳಿ ತಂತಿ ಕೂರಿಸುತ್ತ
ನಾನೂ ಓರೆಗಣ್ಣಲ್ಲಿ ನೋಡುತ್ತೇನೆ:
ಚೌಬಾರಾದ ಗೋಪುರದಷ್ಟು ಎತ್ತರದ ಕಬ್ಬಿಣದ ಆಳುಗಳು,
ಎದೆಗೂಡಿನೊಳಗೆ ಒಬ್ಬೊಬ್ಬ ಹುಡುಗ.
ಹುಡುಗ ಕೈ ಎತ್ತಿದರೆ ಅದೂ ಎತ್ತುತ್ತದೆ,
ಹುಡುಗ ಅತ್ತರೆ ಅದು ಅಳುವುದಿಲ್ಲ.

ಬಡಗಲಿಗೆ ಒಂದು ಸಾಮ್ರಾಜ್ಯ, ತೆಂಕಲಿಗೆ ಒಂದು ಒಕ್ಕೂಟ,
ನಡುವೆ ಉಪ್ಪಿನ ಗುಡ್ಡಗಳ ಅಂಗೈಯಗಲ ದೇಶ.
'ನಮ್ಮ ಆಕಾಶ ಬಾಡಿಗೆಗಿಲ್ಲ'
ಎಂದು ಅದರ ಬಾವುಟದ ಮೇಲೆ ಬರೆದಿದೆಯಂತೆ.
ಅಷ್ಟರಲ್ಲಿ ನಮ್ಮ ಆಕಾಶದಲ್ಲೇ
ತರಬೇತಿ ವಿಮಾನವೊಂದು ತಗಡಿನ ಮೇಲೆ ಗೀರಿಕೊಂಡು ಹೋಯಿತು.
ಮೈಲುತುತ್ತದ ನೀರಿನಲ್ಲಿ ಉಂಗುರ ಎದ್ದವು.
ಅವಳು ತಲೆ ಎತ್ತಲಿಲ್ಲ.

ಒಂಬತ್ತನೇ ಇಯತ್ತೆಯ ಹುಡುಗಿ.
ನನ್ನ ಉದ್ರಿ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ
ಆ ದೇಶದ ರಕ್ಷಣಾ ಮಂತ್ರಿ ತಾನೇ ಎಂದು ಬರೆಯುತ್ತಿದ್ದಾಳೆ:

'ಯಂತ್ರ ಮೂರೇ ಇರ್ಲಿ.
ನಾಕನೇದು ಗುಡ್ಡದಾಗ ಅದ ಅಂತ
ಎರಡೂ ಕಡಿಯವ್ರಿಗಿ ಅನುಮಾನ ಇರಬೇಕು.
ಬಂದರ ಮುಚ್ಚಬಾರ್ದು. ಗಾಯ ಆದ ಹಡಗ ಯಾರ್ದರೆ ಇರ್ಲಿ
ಮೂರು ರಾತ್ರಿ ನಿಲ್ಲಲಿ.
ನೀರು ಕೊಡು, ರೊಟ್ಟಿ ಕೊಡು, ಗುಂಡು ಕೊಡಬ್ಯಾಡ.'

'ಹಂಗಾದ್ರ ಸೋತದ್ದು ಎಲ್ಲಿ?' ಎಂದೆ.
'ಮೊಣಕಾಲಾಗ, ಮಾಮು.
ಆ ಯಂತ್ರಗಳ ಮೊಣಕಾಲಿನ ಕೀಲು
ಈ ದೇಶದವ್ರೇ ಮಾಡಿ ಇಬ್ಬರಿಗೂ ಮಾರ್ಯಾರ.
ಮೊಣಕಾಲು ಮಾರಿದವ್ರು
ನಮ್ಮ ಅಂಗಳದಾಗ ಕುಣೀಬ್ಯಾಡ್ರಿ ಅಂದ್ರ ಯಾರು ಕೇಳ್ತಾರ?
ಅಡ್ಡಗೋಡಿ ಮ್ಯಾಲ ದೀಪ ಇಟ್ಟರ
ಎಣ್ಣಿ ಯಾರ್ದು ಅಂತ ಒಂದಿನ ಕೇಳೇ ಕೇಳ್ತಾರ.'

ಉಳಿ ಜಾರಿತು. ಹೂವಿನ ಒಂದು ಎಸಳು ಕೆಟ್ಟಿತು.

ಈ ತಗಡಿನ ಆಚೆ ಯಾಕೂಬಣ್ಣನ ಕುಲುಮೆ,
ಈಚೆ ಹನೀಫಣ್ಣನದು.
ಏಳು ವರ್ಷದಿಂದ ಮಾತಿಲ್ಲ,
ಈದ್‌ಗೂ ಒಬ್ಬರ ಶೀರಖುರ್ಮಾ ಇನ್ನೊಬ್ಬರ ಹೊಸ್ತಿಲು ದಾಟಿಲ್ಲ.
ಅಬ್ಬಾ ಬಿಟ್ಟುಹೋದ ಜಾಗಕ್ಕೆ ಇಬ್ಬರೂ ಕಾಗದ ತಂದರು,
ಸಾಕ್ಷಿಯ ಗೆರೆ ಎರಡರಲ್ಲೂ ನನ್ನ ಹೆಸರಿಗೆ ಖಾಲಿ.
ನಾನು ಯಾರ ಕಡೆಯೂ ಅಲ್ಲ ಎಂದೆ.
ಎಂದು ಹೇಳಿ, ಇಬ್ಬರಿಗೂ
ಸತು ತಾಮ್ರ ಕರಗಿಸಿ ಅಚ್ಚು ಎರೆದು ಕೊಡುತ್ತ ಬಂದೆ.
ಕಿಲೋಗೆ ಇಷ್ಟು. ಇಬ್ಬರಿಗೂ ಒಂದೇ ದರ.
ಅದನ್ನೇ ನ್ಯಾಯ ಅಂದುಕೊಂಡಿದ್ದೆ.

ಸಂಜೆ ಮಣ್ಣು ತರಲು ಕೋಟೆಗೆ ಹೋದೆವು.
ಮಳೆ ಬಿಸಿಲು ಕಾಣದ ಮೂಲೆಯ ಮಣ್ಣು,
ನವಸಾಗರದ ಜೊತೆ ಕುದಿಸಿದರೆ ಸತುವನ್ನು ಕಪ್ಪು ಮಾಡುತ್ತದೆ,
ಬೆಳ್ಳಿಯನ್ನು ಮುಟ್ಟುವುದಿಲ್ಲ.
'ಮಣ್ಣಿಗೂ ಒಂದು ಕಡಿ ಅದ ನೋಡ್ರಿ' ಎಂದಳು ಸಮ್ರೀನ್,
ಕಲ್ಲೊಂದನ್ನು ಕಂದಕಕ್ಕೆ ಎಸೆದು.

ಮೂರು ಕಂದಕ. ಕಟ್ಟಿದ್ದಲ್ಲ, ಕಡಿದದ್ದು.
ಕಡಿಯುವವರು ನಡುನಡುವೆ
ಬಂಡೆಯ ಗೋಡೆ ಉಳಿಸಿ ಹೋಗಿದ್ದಾರೆ,
ಕೋಟೆಯ ಒಳಗೂ ಅಲ್ಲ, ಊರಿನ ಹೊರಗೂ ಅಲ್ಲ.
ಅದರ ನೆತ್ತಿಯ ಮೇಲೆ ಒಂದು ಆಡು ನಿಂತಿತ್ತು.
ಎರಡೂ ಕಡೆ ಪಾತಾಳ.
ಅದು ಮಾತ್ರ ನಿಶ್ಚಿಂತೆಯಿಂದ
ಬಿರುಕಿನ ಹುಲ್ಲು ಮೇಯುತ್ತಿತ್ತು.

'ಪ್ಯಾಕು ಮುಗೀತು, ಕಡೀ ಕಂತು ನೋಡಿಲ್ಲ' ಎಂದಳು.
ಆಮೇಲೆ, ಆಡನ್ನೇ ನೋಡುತ್ತ:
'ಇಬ್ಬರೂ ಒಂದೇ ದಿನ ಬಂದ್ರ
ನೀವು ಯಾರ್ ಕಾಗದಕ್ಕ ಸಹಿ ಹಾಕ್ತೀರಿ, ಮಾಮು?'

ಇದು ನಮ್ಮ ಕಸುಬಿನ ಪದ್ಧತಿ:
ಸರಿಯಾದ ಮಣ್ಣು ಹೌದೋ ಅಲ್ಲವೋ
ನಾಲಿಗೆಗಿಟ್ಟು ನೋಡಬೇಕು.
ನನ್ನ ಬಾಯಲ್ಲಿ ಮಣ್ಣಿತ್ತು.
ಹೂಂ ಅನ್ನಲಿಲ್ಲ.
ಊಹೂಂ ಅನ್ನಲಿಲ್ಲ.